ಬುಧವಾರದ ಮೆಟ್ಟಿಲು

ಗುರುವಾರ, ಬೆಳಿಗ್ಗೆ ಹತ್ತು ಗಂಟೆ
ಪ್ರೆಸ್ಸಿನಿಂದ

ಅಕ್ಕಾ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಸೋಮವಾರ ನೀನು ವಕೀಲರ ಕಚೇರಿಗೆ ಹೋಗಿ ಬೇರೆಯಾಗುವ ಕಾಗದಕ್ಕೆ ಸಹಿ ಹಾಕುವ ಮೊದಲು ಈ ಪತ್ರ ನಿನ್ನ ಕೈ ಸೇರಬೇಕು. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ನಡುಗಿದ್ದರೆ ಅದಕ್ಕೇ ಎಂದುಕೋ.

ಭಾವ ಸುಳ್ಳು ಹೇಳಿರಲಿಲ್ಲ.

ನೀನು ಅವರಿಗೆ ಇಟ್ಟ ಷರತ್ತು ಒಂದೇ. ಕುಡಿತ ಬಿಡಬೇಕೆನ್ನುವವರು ಸೇರುವ ಸಭೆಗೆ ಒಂದು ಸಲ ಹೋಗಿ ಬನ್ನಿ, ಮಿಕ್ಕಿದ್ದು ಆಮೇಲೆ ಮಾತಾಡೋಣ ಎಂದಿದ್ದೆ. ಸಭೆಯ ಚೀಟಿ ತಂದುಕೊಟ್ಟವನು ನಾನು, ಅದು ನಮ್ಮ ಪ್ರೆಸ್ಸಿನಲ್ಲೇ ಅಚ್ಚಾದದ್ದು. ತಿಂಗಳಿಗೂ ಹಿಂದೆ, ಚೀಟಿಯಲ್ಲಿದ್ದಂತೆ ಬುಧವಾರ, ಭಾವ ಗಡ್ಡ ಬೋಳಿಸಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು ಹೋದರು. ಗಂಟೆಯೊಳಗೆ ವಾಪಸು ಬಂದು 'ಬಾಗ್ಲಿಗೆ ಬೀಗ ಹಾಕಿತ್ತು' ಅಂದರು. ಮತ್ತೆ ಹೊರಗೆ ಹೋದವರು ತೂರಾಡುತ್ತ ಬಂದರು. ನಾನು ನಿನ್ನ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು, ಇವರು ಮೊದಲ ಸಲ ಹೋಗಿದ್ದೂ ಹೆಂಡದಂಗಡಿಗೇ, ಕುಡುಕರ ಮಾತು ನಂಬಿಯೇ ಮನೆಗಳು ಹಾಳಾಗಿರುವುದು ಎಂದು ಭಾಷಣ ಬಿಗಿದೆ. ಮರುದಿನ ನೀನು ಪುಟ್ಟಿಯ ಕೈ ಹಿಡಿದು ಹೊರಟೆ. ಪೆಟ್ಟಿಗೆ ಹೊತ್ತವನೂ ನಾನೇ. ದೊಡ್ಡ ಹೋರಾಟ ಗೆದ್ದವನ ಹಾಗೆ ಹೊತ್ತೆ.

ಆ ಸುಳ್ಳಿಗೆ ಸಾಕ್ಷಿ ಬೇಕೆಂದು ಹೋದ ವಾರ, ಬುಧವಾರವೇ, ಚೀಟಿಯ ವಿಳಾಸ ಹುಡುಕಿಕೊಂಡು ಹೋದೆ. ಟೈಪಿಂಗ್ ಶಾಲೆಯ ಮಹಡಿ. ಮೇಲೆ ಬೀಗ. ಮೆಟ್ಟಿಲ ಮೇಲೆ ಬೀಗ ರಿಪೇರಿಯ ಮುದುಕರೊಬ್ಬರು ಮಂಡಿಯ ನಡುವೆ ಕೀಲಿ ಹಿಡಿದು ಅರದಿಂದ ಉಜ್ಜುತ್ತ ಕೂತಿದ್ದರು. ನನ್ನ ಕೈಯಲ್ಲಿದ್ದ ಚೀಟಿ ನೋಡಿದವರೇ, 'ಸಭೆ ಮಂಗಳವಾರ ಕಣಪ್ಪ. ಇದ್ರಲ್ಲಿ ಬುಧವಾರ ಅಂತ ಬಿದ್ದೋಗಿದೆ. ಹಂಚಿಯಾದ್ಮೇಲೆ ಗೊತ್ತಾಯ್ತು. ಮನಸ್ಸು ಗಟ್ಟಿ ಮಾಡ್ಕೊಂಡು ಬಂದೋರು ಬೀಗ ನೋಡಿ ವಾಪಸ್ ಹೋಗ್ಬಾರ್ದಲ್ಲ, ಅದಕ್ಕೆ ಬುಧವಾರ ನಾನಿಲ್ಲಿ ಕೂತ್ಕೋತೀನಿ. ಇದು ಮೂರನೇ ವಾರ. ನೀನೇ ಮೊದಲ್ನೇ ಗಿರಾಕಿ' ಅಂದರು.

ನನಗೆ ಮೈಯೆಲ್ಲ ಉರಿಯಿತು. ನಾನು ಗಿರಾಕಿಯಲ್ಲ, ಭಾವನ ಸಲುವಾಗಿ ವಿಚಾರಿಸಲು ಬಂದವನು ಎಂದೆ. ಅವರು ತಲೆ ಎತ್ತಲಿಲ್ಲ. 'ಹೂಂ. ನಾನೂ ತಮ್ಮನ ಸಲುವಾಗೇ ಬಂದಿದ್ದೆ. ನಂಗೆ ತಮ್ಮನೇ ಇಲ್ಲ.'

ಮೊನ್ನೆ ಮಂಗಳವಾರ ಜಗಳ ಕಾಯಲೆಂದೇ ಹೋದೆ. ಮುಸುಕು ಹೊದಿಸಿದ ಟೈಪ್‌ರೈಟರುಗಳ ನಡುವೆ ಹನ್ನೊಂದು ಜನ ಕೂತಿದ್ದರು. ನಾನು ಎದ್ದು ಕಾಲು ಗಂಟೆ ಮಾತಾಡಿದೆ. ಕಾರ್ಖಾನೆಯ ಗೇಟಿಗಿಂತ ಮೊದಲು ಪಕ್ಕದ ಹೆಂಡದಂಗಡಿ ಬಾಗಿಲು ತೆರೆಯುವುದು ಯಾರ ಅಪ್ಪಣೆಯಿಂದ, ದುಡಿಯುವವನ ಕರುಳು ಸುಟ್ಟು ಯಾರ ಹೊಟ್ಟೆ ಬೆಳೆಯುತ್ತಿದೆ ಎಂದು ಕೇಳಿದೆ. ಅದೆಲ್ಲ ಸತ್ಯ, ಇವತ್ತೂ ಹೇಳುತ್ತೇನೆ. ಆದರೆ ಅಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡಬಾರದಂತೆ. ಚಪ್ಪಾಳೆಯೂ ಇಲ್ಲ, ವಾದವೂ ಇಲ್ಲ. 'ಥ್ಯಾಂಕ್ಸ್ ಕಣಪ್ಪ' ಅಂದರು, ಅಷ್ಟೇ. ಮುಂದಿನ ಸರದಿ ಒಬ್ಬ ನರ್ಸಮ್ಮನದು. ಕೆಮ್ಮಿನ ಔಷಧಿಯ ಸೀಸೆಯಲ್ಲಿ ತುಂಬಿಟ್ಟುಕೊಂಡು ಕೆಲಸದ ನಡುವೆ ಕುಡಿಯುತ್ತಿದ್ದುದನ್ನು ಹವಾಮಾನ ಹೇಳುವಷ್ಟು ಸಲೀಸಾಗಿ ಹೇಳಿದರು. ಗೋಡೆಗೆ ಕಲ್ಲೆಸೆದರೂ ಸದ್ದು ಬರುತ್ತದೆ ಅಕ್ಕಾ, ಈ ಜನರಿಂದ ಅದೂ ಬರಲಿಲ್ಲ.

ಚೀಟಿಯಲ್ಲಿ ದಿನ ತಪ್ಪಿದ್ದು ಪ್ರೆಸ್ಸಿನಲ್ಲಿ. ಮಾಲೀಕ ಅವತ್ತು ಮೂರು ಕೆಲಸ ಒಟ್ಟಿಗೆ ಹೇರಿದ್ದ. ಕರಡು ತಿದ್ದುವವರಿಗೆ ಜ್ವರ. ಇಬ್ಬರ ಕೆಲಸ ಒಬ್ಬನ ತಲೆಗೆ ಕಟ್ಟುವುದನ್ನೇ ಶೋಷಣೆ ಎನ್ನುವುದು. ಅಚ್ಚಿನ ಮೊಳೆ ಜೋಡಿಸಿದವನು ನಾನು.

ನಿನ್ನೆ ಭಾವ ಕೆಲಸ ಮಾಡುವ ಕನ್ನಡಕದಂಗಡಿಗೆ ಹೋಗಿ ವಿಷಯ ಹೇಳಿದೆ. ಕಪಾಳಕ್ಕೆ ಎರಡು ಬಿಟ್ಟಿದ್ದರೆ ಸಮಾಧಾನವಾಗುತ್ತಿತ್ತು. ಗಾಜು ಒರೆಸುತ್ತ, 'ನೀವಿಬ್ರೂ ಅಷ್ಟು ಹೇಳಿದ್ಮೇಲೆ ನಂಗೇ ಅನುಮಾನ ಬಂದ್ಬಿಟ್ಟಿತ್ತು ಕಣೋ, ನಾನು ನಿಜವಾಗ್ಲೂ ಹೋಗಿದ್ನಾ ಅಂತ' ಅಂದರು. ಆ ಮಾತು ನನ್ನನ್ನು ಇನ್ನೂ ತಿನ್ನುತ್ತಿದೆ.

ವಾಪಸು ಬಾ ಎಂದು ನಾನು ಹೇಳುತ್ತಿಲ್ಲ. ಅವರು ಕುಡಿದು ಬಂದು ಒಡೆದ ಕಿಟಕಿ ನಿಜ. ಪುಟ್ಟಿ ಮಂಚದ ಕೆಳಗೆ ಬಚ್ಚಿಟ್ಟುಕೊಂಡದ್ದು ನಿಜ. ಸಹಿ ಹಾಕುವುದಾದರೆ ಅದಕ್ಕೆ ಹಾಕು. ನನ್ನ ಮಾತಿಗೆ ಹಾಕಬೇಡ.

ನಿನ್ನ ತಮ್ಮ,
ನೀನೇ ಅಡ್ಡಹೆಸರಿಟ್ಟ 'ಕರಪತ್ರ'

ತಾ. ಕ.: ನೀನೊಮ್ಮೆ ಊಟದ ಡಬ್ಬಿ ಕೊಡಲು ಪ್ರೆಸ್ಸಿಗೆ ಬಂದಾಗ, ಶಾಯಿ ಡಬ್ಬಗಳ ಹಿಂದಿದ್ದ ಸೀಸೆ ನೋಡಿ 'ಇದೇನೋ' ಎಂದು ಕೇಳಿದ್ದೆ. ಮೊಳೆ ತೊಳೆಯುವ ಟರ್ಪೆಂಟೈನ್ ಎಂದಿದ್ದೆ. ನೀನು ನಂಬಿದೆ, ನನ್ನ ಮಾತು ನೀನು ಯಾವಾಗಲೂ ನಂಬುತ್ತೀ. ಆ ಚೀಟಿ ಜೋಡಿಸಿದ್ದು ಅವತ್ತು ಮಧ್ಯಾಹ್ನವೇ. ಅದು ಟರ್ಪೆಂಟೈನ್ ಅಲ್ಲ. ಮುಂದಿನ ಮಂಗಳವಾರ ಭಾವನೂ ನಾನೂ ಹೋಗುತ್ತಿದ್ದೇವೆ. ಈ ಸಲ ನಾನು ಹೋಗುವುದು ಅವರ ಸಲುವಾಗಿ ಅಲ್ಲ.