ಇದ್ದವರಿಗಿಲ್ಲದ ನೆರವು

ಮಗ್ಗದಹಾಳ, ಘಟಪ್ರಭೆಯ ದಂಡೆ
ಫೆಬ್ರವರಿ ಮೂವತ್ತು, ೨೧೭೧

ಮಾನ್ಯ ಹಿರಿಯರಿಗೆ ಸಾವಂತ್ರೆವ್ವನ ಶರಣಾರ್ಥಿಗಳು.

ಮೇಲಿನ ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಸರ್ಕಾರದ ನೆರವಿನ ವರ್ಷ ಆ ತಿಂಗಳ ಕೊನೆಗೆ ಮುಗಿಯುತ್ತದೆ. ಕಡೆಯ ತಿಂಗಳೇ ಗಿಡ್ಡವಾದರೆ ಅರ್ಜಿ ಹಾಕುವುದು ಹೇಗೆ ಎಂದು ಉದ್ದಿಮೆಯವರು ಗೋಳಾಡಿದ್ದಕ್ಕೆ, ನನ್ನ ಅಜ್ಜಿಯ ಕಾಲದಲ್ಲಿ ಜುಲೈ ಮತ್ತು ಆಗಸ್ಟ್‌ನಿಂದ ಒಂದೊಂದು ದಿನ ಕಿತ್ತು ಇಲ್ಲಿಗೆ ಹೊಲಿದರು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಹೊಸದೆನಿಸಬಹುದು, ಕ್ಷಮೆಯಿರಲಿ. ನೀವು ನನ್ನ ಮುತ್ತಜ್ಜನ ಅಜ್ಜನ ವಾರಿಗೆಯವರು. ಆದರೆ ನನಗೀಗ ಐವತ್ತೆಂಟು ವರ್ಷ, ನಿಮ್ಮಲ್ಲಿ ಹಲವರಿಗಿಂತ ನಾನೇ ದೊಡ್ಡವಳು. ಹೀಗಾಗಿ ಒಂದೆರಡು ಕಡೆ ದನಿ ಏರಿದರೆ ಅದನ್ನೂ ಕ್ಷಮಿಸಬೇಕು.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಪ್ರತಿ ಊರೂ ವರ್ಷಕ್ಕೊಂದು ಕಾಗದವನ್ನು ಕಳೆದ ಕಾಲಕ್ಕೆ ಕಳಿಸಬಹುದು. ತಲುಪುತ್ತದೋ ಇಲ್ಲವೋ ದೇವರೇ ಬಲ್ಲ, ಇವತ್ತಿನ ತನಕ ಒಂದು ಉತ್ತರವೂ ಬಂದಿಲ್ಲ. ಮುಂದಕ್ಕೆ ಮಾತ್ರ ಅದು ಹೋಗುವುದಿಲ್ಲ, ನಮ್ಮ ಕಾಲದ ಯಾವ ಅಧಿಕಾರಿಯೂ ಅದನ್ನು ಓದುವಂತಿಲ್ಲ. ಆ ಧೈರ್ಯದ ಮೇಲೆಯೇ ಇದನ್ನೆಲ್ಲ ಬರೆಯುತ್ತಿದ್ದೇನೆ. ನಮ್ಮೂರಿನವರು ಹಿಂದೆ ಮಳೆಯ ಬಗ್ಗೆ, ಹೊಳೆಯ ಬಗ್ಗೆ ಬರೆದರು. ನಾನು ಬರೆಯುತ್ತಿರುವುದು ನಿಮ್ಮ ಕಾಲದಲ್ಲಿ ಯಾರೋ, ಯಾವುದೋ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕುಳಿತು ಹಾಕಿದ ಒಂದು ನಿಯಮದ ಬಗ್ಗೆ.

ನನ್ನ ನೌಕರಿ ಎದುರುಗೊಳ್ಳುವುದು. ಹೊರಗಿನಿಂದ ಉದ್ದಿಮೆಯೊಂದು ಊರಿಗೆ ಬಂದರೆ ಅಗಸಿ ಬಾಗಿಲಲ್ಲಿ ನಿಂತು ಆರತಿ ಎತ್ತಿ, ಕೇಳಬೇಕಾದ್ದನ್ನು ಕೇಳಿ, ಒಳಗೆ ಬಿಡಬೇಕು. ಹಾಗೆ ಬಂದವರಿಗೆ ಸರ್ಕಾರ ಕೊಡುವುದನ್ನು ಕರೆನೆರವು ಎನ್ನುತ್ತೇವೆ. ಏಳು ವರ್ಷ ಜಾಗ ಪುಕ್ಕಟೆ, ಕರೆಂಟು ಅರ್ಧ ದರಕ್ಕೆ, ಬ್ಯಾಂಕಿನ ಸಾಲಕ್ಕೆ ಸರ್ಕಾರದ್ದೇ ಜಾಮೀನು, ಬಡ್ಡಿಯಲ್ಲೂ ಪಾಲು. ಬೇರೆ ಊರಿನಿಂದ ಎದ್ದು ಬಂದವರಿಗೆ ಇಷ್ಟೂ ಉಂಟು. ಮೊದಲಿನಿಂದ ಊರಲ್ಲೇ ಇದ್ದವರಿಗೆ ಇದರಲ್ಲಿ ಒಂದು ಬಿಡಿಗಾಸೂ ಇಲ್ಲ. ನಿಮ್ಮ ಕಾಲದಲ್ಲಿ ಇದು ಜಾಣತನವೆಂದು ಕಂಡಿರಬೇಕು. ಹೊಸಬರು ಬರಲಿ, ಕೆಲಸ ಹೆಚ್ಚಲಿ ಎಂಬ ಒಳ್ಳೆಯ ಮನಸ್ಸೇ ಇದ್ದಿರಬೇಕು. ಒಳ್ಳೆಯ ಮನಸ್ಸಿನವರ ಮೇಲೆ ನನಗೆ ಸಿಟ್ಟು ಬರುವುದು ಇದೇ ಕಾರಣಕ್ಕೆ, ಅವರನ್ನು ಬಾಯಿ ತುಂಬ ಬೈಯಲೂ ಆಗುವುದಿಲ್ಲ.

ಆರತಿ ಎತ್ತಿ ಎತ್ತಿ ನನ್ನ ಕೈ ಸೋತಿದೆ. ನೀರಿನ ಬುಟ್ಟಿ ಮಾಡುವವರು ಬಂದರು, ಅಂದರೆ ಗಾಳಿಯ ತೇವವನ್ನು ಹಿಡಿದು ಕೊಡುವ ಡಬ್ಬಿಗಳವರು. ಏಳು ವರ್ಷ ಇದ್ದು, ನೆರವು ಮುಗಿದ ವಾರವೇ ಮುಂದಿನ ಊರಿಗೆ ಗಂಟುಮೂಟೆ ಕಟ್ಟಿದರು. ಔಷಧಿಯವರು ಬಂದರು, ಅವರೂ ಹಾಗೆಯೇ. ರೈಲು ನಿಲ್ದಾಣದ ಹಿಂದೆ ಅವರ ಖಾಲಿ ಶೆಡ್ಡುಗಳು ಸಾಲಾಗಿ ನಿಂತಿವೆ, ಒಳಗೆ ಪಾರಿವಾಳಗಳು ಸಂಸಾರ ಹೂಡಿವೆ. ಕೊನೆಗೆ ಊರಿನಲ್ಲಿ ಉಳಿದದ್ದು ಒಂದೇ ಉದ್ದಿಮೆ, ಮಹಾನಂದಾಳ ಮಗ್ಗಗಳು. ಮಹಾನಂದಾ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಓದಿದವಳು. ಅವಳ ಮಗ್ಗದಲ್ಲಿ ಬಿಸಿಲುಬಟ್ಟೆ ನೇಯುತ್ತಾರೆ. ಮನೆ ಮೇಲೆ ಹಾಸಿದರೆ ಬಿಸಿಲನ್ನು ಕುಡಿದು ಮನೆಯ ದೀಪ, ಫ್ಯಾನು, ಒಲೆ ನಡೆಸುವ ಬಟ್ಟೆ ಅದು. ಬೇಡಿಕೆ ಏರಿತು, ಅಗಲದ ಮಗ್ಗ ಬೇಕಾಯಿತು, ಅದಕ್ಕೆ ಸಾಲ ಬೇಕಾಯಿತು. ಜಾಮೀನು ಕೇಳಲು ಅವಳು ರಾಜಧಾನಿಗೆ ಹೋದಾಗ ಅಲ್ಲಿಯ ಸಾಹೇಬರು ನಯವಾಗಿಯೇ ಹೇಳಿದರಂತೆ: "ನೀವು ಹೇಗೂ ಅಲ್ಲೇ ಇರ್ತೀರಲ್ಲಮ್ಮ, ನಿಮ್ಮನ್ನ ಕರೆಯೋಕೆ ನಾವ್ಯಾಕೆ ದುಡ್ಡು ಕೊಡ್ಬೇಕು?"

ಹೊಟ್ಟೆ ಉರಿಯುವ ಮಾತೇ. ಆದರೆ ಇದಕ್ಕೆ ನಮ್ಮ ಜನ ಬಹಳ ಹಿಂದೆಯೇ ಉಪಾಯ ಕಂಡುಕೊಂಡಿದ್ದಾರೆ, ಅದರ ಹೆಸರು ಹೊಳ್ಳಿಬರುವುದು. ಇದ್ದ ಉದ್ದಿಮೆ ಯಂತ್ರಗಳನ್ನು ಬಂಡಿಗೇರಿಸಿ, ಆಳುಕಾಳುಗಳ ಸಮೇತ ಊರು ಬಿಡುತ್ತದೆ. ಬೇರೊಂದು ಊರಿನಲ್ಲಿ ಎಂಟು ತಿಂಗಳಿದ್ದು, ಹೊಸಬರಂತೆ ಹೊಳ್ಳಿ ಬರುತ್ತದೆ. ದಾಖಲೆಯಲ್ಲಿ ಸಿಕ್ಕಿಬೀಳುವ ಭಯವಿಲ್ಲ. ಯಾರ ಮೂಲವನ್ನೂ ಯಾರೂ ಕೆದಕಬಾರದೆಂದು ನಮ್ಮಲ್ಲಿ ಒಂದು ಒಳ್ಳೆಯ ಕಾಯ್ದೆಯಿದೆ, ಊರು ಬಿಟ್ಟವರ ಹಳೆಯ ದಾಖಲೆಯೆಲ್ಲ ಅಳಿಸಿಹೋಗುತ್ತದೆ. ಸಿಕ್ಕಿಬೀಳುವುದು ಮುಖದಲ್ಲಿ ಮಾತ್ರ. ಅದಕ್ಕಾಗಿಯೇ ಸರ್ಕಾರ ಗುರುತು ತನಿಖೆ ಎಂಬುದನ್ನು ತಂದಿದೆ. ಬಂದವರನ್ನು ಊರಿನವರು ಗುರುತು ಹಿಡಿದರೆ, ಒಂದು ನಗೆ ಜಾರಿದರೆ, ಯಾರಾದರೂ ಯಾರನ್ನಾದರೂ ಹೆಸರು ಹಿಡಿದು ಕೂಗಿದರೆ ನೆರವು ರದ್ದು. ಆದ್ದರಿಂದ ನಮ್ಮ ಮಕ್ಕಳಿಗೆ ಮಗ್ಗಿಯ ಜೊತೆಗೆ ಇದನ್ನೂ ಕಲಿಸುತ್ತೇವೆ. ಅಜ್ಜ ಎದುರಿಗೆ ಬಂದರೂ ಅಜ್ಜ ಅನ್ನಬಾರದು, ಯಾರೋ ದಾರಿಹೋಕರು ಎಂಬಂತೆ ನೋಡಬೇಕು. ಹಾಗೆ ನೋಡುವುದನ್ನು ನಮ್ಮ ಮಕ್ಕಳು ಎಷ್ಟು ಚೆನ್ನಾಗಿ ಕಲಿತಿದ್ದಾರೆಂದರೆ ನೋಡಿದರೆ ನಿಮಗೆ ಅಳು ಬರುತ್ತದೆ.

ಮಹಾನಂದಾ ಜುಲೈ ಮೊದಲಿಗೆ ಬಂಡಿ ಹೂಡಿದಳು. ಹೋಗುವ ಮುಂಚೆ ನನ್ನ ಅಡುಗೆ ಮನೆಗೆ ಬಂದು, ನಿಂತೇ ಒಂದು ಲೋಟ ಚಹಾ ಕುಡಿದು, "ಸಾವಂತ್ರಿ, ಹೊಳ್ಳಿ ಬರತೀನಿ. ಬರಲಿಲ್ಲಂದ್ರ ನನ್ನ ಬೈಬ್ಯಾಡ. ನಾನೂ ಮಂದಿ ಹೊಟ್ಟಿ ನೋಡಬೇಕಲ್ಲ" ಎಂದಳು. ಆ ಎರಡನೆಯ ಮಾತು ಅವತ್ತಿನಿಂದ ನನ್ನ ಎದೆಯಲ್ಲಿ ಮುಳ್ಳಾಗಿ ಕುಳಿತಿದೆ. ಅವಳು ಹೋಗಿರುವ ನವಗಿರಿಯೂ ಕರೆನೆರವು ಕೊಡುವ ಊರೇ. ಅಲ್ಲಿ ಅವಳು ನಿಜಕ್ಕೂ ಹೊಸಬಳು. ಇಲ್ಲಿ ಸುಳ್ಳು ಹೇಳಿ ಪಡೆಯಬೇಕಾದ್ದನ್ನು ಅಲ್ಲಿ ಸತ್ಯ ಹೇಳಿಯೇ ಪಡೆಯಬಹುದು.

ಅವಳ ಬಂಡಿಯಲ್ಲಿ ನನ್ನ ಮಗಳು ಕಸ್ತೂರಿಯೂ ಹೋದಳು, ಅಳಿಯನೂ ಹೋದ. ಬಿಸಿಲುಬಟ್ಟೆಯ ಹಾಸು ಹೂಡುವುದು ಅವರ ಕೆಲಸ. ಆಗ ಕಸ್ತೂರಿಗೆ ಮೂರು ತಿಂಗಳು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕೆಂಬುದು ನಿಮ್ಮ ಕಾಲದಲ್ಲೂ ಇತ್ತೆಂದು ಕೇಳಿದ್ದೇನೆ, ನಮ್ಮಲ್ಲಿ ಇನ್ನೂ ಇದೆ. ಅವಳಿಗೆ ಸೀಮಂತದ ಕುಬಸ ಮಾಡಲಿಲ್ಲ, ಅಂಟಿನುಂಡಿ ಕಟ್ಟಿ ಕೊಡಲಿಲ್ಲ. ಹೊರಗಿರುವಷ್ಟು ಕಾಲ ಕಾಗದವಿಲ್ಲ, ಕರೆಯಿಲ್ಲ. ಡಿಸೆಂಬರ್‌ನಲ್ಲಿ ಹೆರಿಗೆಯಾಗಿರಬೇಕು. ಆಗಿರಬೇಕು ಎಂದಷ್ಟೇ ಬರೆಯಬಲ್ಲೆ. ಸುಸೂತ್ರವಾಗಿ ಆಯಿತೋ ಇಲ್ಲವೋ ಎಂಬುದನ್ನು ಈ ಎರಡು ತಿಂಗಳು ದಿನಾ ರೊಟ್ಟಿ ಬಡಿಯುತ್ತ ಯೋಚಿಸಿದ್ದೇನೆ, ಎಷ್ಟೋ ರೊಟ್ಟಿ ಸೀದಿವೆ.

ಇವತ್ತು ಊರುಗಳ ಎಣಿಕೆ. ಸೂರ್ಯ ಮುಳುಗುವ ಹೊತ್ತಿಗೆ ಒಂದೂ ಉದ್ದಿಮೆಯಿಲ್ಲದ ಊರನ್ನು ಮಡಿಚುತ್ತಾರೆ. ಮಡಿಚುವುದು ಎಂದರೆ ಗುಂಡು ಹಾಕಿ ಓಡಿಸುವುದೇನೂ ಅಲ್ಲ. ರೈಲು ನಿಲ್ಲುವುದಿಲ್ಲ, ದವಾಖಾನೆ ಎತ್ತುತ್ತಾರೆ, ನಲ್ಲಿಯಲ್ಲಿ ನೀರು ವಾರಕ್ಕೊಮ್ಮೆ ಬರುತ್ತದೆ. ಉಳಿದದ್ದನ್ನು ಜನರೇ ಮಾಡಿಕೊಳ್ಳುತ್ತಾರೆ. ಪಕ್ಕದ ಹಿರೇಕೊಪ್ಪವನ್ನು ಮಡಿಚಿದ ಮೇಲೆ ಎರಡು ವರ್ಷದಲ್ಲಿ ಅಲ್ಲಿ ಒಲೆ ಹೊತ್ತುವ ಮನೆ ಒಂದೂ ಉಳಿಯಲಿಲ್ಲ.

ಈಗ ಮಧ್ಯಾಹ್ನ ಕಳೆದಿದೆ. ಅಗಸಿಯ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ನನ್ನ ಎದುರಿಗೆ ರಾಜಧಾನಿಯಿಂದ ಬಂದ ಗುರುತು ತನಿಖೆದಾರ ಕುಳಿತಿದ್ದಾನೆ, ಹೆಸರು ನಿಹಾಂತ್. ಎಳೆಯ ಮುಖ, ಒಳ್ಳೆಯ ಮಾತು, ಎರಡು ಸಲ ಗಿರಮಿಟ್ಟು ಹಾಕಿಸಿಕೊಂಡು ತಿಂದ. ಕಣ್ಣು ಮಾತ್ರ ಹದ್ದಿನದು. "ಬರೋರು ಯಾರು ಅಂತ ನಿಮ್ಗೇನಾದ್ರೂ ಗೊತ್ತಾ ಮೇಡಂ?" ಎಂದು ಕೇಳಿದ. ಯಾರಾದರೇನು, ಬಂದರೆ ಸಾಕು ಎಂದೆ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಊರಿಗೆ ಊರೇ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದೆ, ಆದರೆ ಯಾರೂ ಕಾಯುತ್ತಿರುವಂತೆ ಕಾಣಬಾರದು. ಹಾಗಾಗಿ ಕೆಲವರು ಬೆಳಿಗ್ಗೆಯಿಂದ ಒಂದೇ ಅಂಗಳವನ್ನು ಗುಡಿಸುತ್ತಿದ್ದಾರೆ. ನವಗಿರಿಯ ರಸ್ತೆಯಲ್ಲಿ ಧೂಳು ಕಾಣುತ್ತಿಲ್ಲ. ನೆರಳು ಕಟ್ಟೆ ದಾಟಿ ರಸ್ತೆಗೆ ಬಂದಿದೆ.

ಇಲ್ಲಿಂದ ಮುಂದಿನದನ್ನು ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಅವರು ಬಂದರು. ಹೊತ್ತು ಇನ್ನೇನು ಮುಳುಗುತ್ತದೆ ಎನ್ನುವಾಗ ಬಂದರು. ಮೊದಲ ಬಂಡಿ ಕಂಡಾಗ ಆರತಿಯ ದೀಪ ಹಚ್ಚಿದೆ. ತಟ್ಟೆ ಹಿಡಿದು ಎದ್ದು ನಿಂತೆ. ಆರತಿ ಮುಗಿಯಿತು, ಕುಂಕುಮ ಹಚ್ಚಿದೆ, ಮಹಾನಂದಾ ಪರಸ್ಥಳದವರ ಹಾಗೆ ತಲೆ ಬಾಗಿಸಿದಳು. ಎಲ್ಲ ಸರಿಯಾಗಿ ನಡೆಯುತ್ತಿದೆ ಎನ್ನುವಷ್ಟರಲ್ಲಿ, ಮುಂದಿನ ಬಂಡಿ ನಡೆಸುತ್ತಿದ್ದ ಅಡಿವೆಪ್ಪ, ನಲವತ್ತು ವರ್ಷ ಈ ಊರಿನ ಧೂಳು ತುಳಿದ ಮುದುಕ, ಯಾರನ್ನೂ ಕೇಳದೆ ಬಂಡಿಯನ್ನು ಎಡಕ್ಕೆ ತಿರುಗಿಸಿ ಸೀದಾ ಹಳೆಯ ಮಗ್ಗದ ಓಣಿಗೆ ಹೊರಟ. ಹೊಸಬರು ದಾರಿ ಕೇಳಬೇಕು. ಇದನ್ನು ಎಂಟು ತಿಂಗಳು ಅವರಿಗೆ ಯಾರೂ ನೆನಪಿಸಲಿಲ್ಲವೋ, ಊರು ಕಂಡ ಕೂಡಲೇ ಮುದುಕ ಮೈಮರೆತನೋ. ನಿಹಾಂತ್ ಪಟ್ಟನೆ ತಲೆ ಎತ್ತಿದ. "ಏ ಯಜಮಾನ, ಅತ್ತಾಗ ಎಲ್ಲಿ ಹೊಂಟಿ? ಹೇಳೋರು ಕೇಳೋರು ಇಲ್ಲೇನು ನಿನಗ? ಯಾವ ಊರಾಂವೋ ಏನೋ, ಕಂಡ ಓಣ್ಯಾಗ ನುಗ್ಗತಾನ!" ಎಂದು ಊರೇ ನಡುಗುವಂತೆ ಕಿರುಚಿದೆ. ಅಡಿವೆಪ್ಪ ಬಂಡಿ ನಿಲ್ಲಿಸಿ, ತಿರುಗಿ ನನ್ನ ಮುಖ ನೋಡಿ, "ತಪ್ಪಾತ್ರೀ ಅಕ್ಕಾರ, ದಾರಿ ಗೊತ್ತಾಗಲಿಲ್ಲ" ಎಂದ. ನನ್ನ ಮದುವೆಯಲ್ಲಿ ಚಪ್ಪರ ಹಾಕಿದ ಮನುಷ್ಯ ಅವನು. ಅವನ ಕಣ್ಣು ತುಂಬಿದ್ದು ನನಗೊಬ್ಬಳಿಗೇ ಕಂಡಿರಲಿ ಎಂದು ಬೇಡಿಕೊಂಡೆ. ನಿಹಾಂತ್ ಹಿಂದಿನ ಬಂಡಿಗಳ ಕಡೆ ತಿರುಗಿದ.

ಆಮೇಲೆ ಒಬ್ಬೊಬ್ಬರನ್ನಾಗಿ ಕೇಳುವ ಕೆಲಸ. ಹೆಸರೇನು, ಎಲ್ಲಿಂದ ಬಂದಿರಿ, ಏನು ಕೆಲಸ ಬಲ್ಲಿರಿ, ಈ ಊರಿನಲ್ಲಿ ನಿಮಗೆ ಯಾರಾದರೂ ಇದ್ದಾರೆಯೇ. ತನಿಖೆದಾರ ನನ್ನ ಮಗ್ಗುಲಲ್ಲೇ ನಿಂತು ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತಾನೆ. ಸಾಲಿನ ನಡುವೆ ಕಸ್ತೂರಿ ನಿಂತಿದ್ದಳು. ಸೊರಗಿದ್ದಾಳೆ, ಕೊರಳಿನ ಎಲುಬು ಕಾಣುತ್ತಿತ್ತು. ತೋಳಿನಲ್ಲಿ ಬಟ್ಟೆಯ ಗಂಟು, ಗಂಟು ಅಲುಗಾಡಿತು. ಬದುಕಿದ್ದಾಳೆ, ಹೆತ್ತಿದ್ದಾಳೆ, ಮಗುವೂ ಬದುಕಿದೆ. ಈ ಮೂರನ್ನೂ ನಾನು ಅಲ್ಲಿ ನಿಂತೇ, ಮುಖದ ಒಂದು ಗೆರೆಯನ್ನೂ ಅಲುಗಿಸದೆ ತಿಳಿದುಕೊಳ್ಳಬೇಕಾಯಿತು. ಹೆಸರೇನು ಎಂದೆ. ನಾನೇ ಇಟ್ಟ ಹೆಸರನ್ನು ನನಗೆ ಹೇಳಿದಳು. ಎಲ್ಲಿಂದ ಬಂದಿರಿ ಎಂದೆ, ನವಗಿರಿಯಿಂದ ಎಂದಳು. ಈ ಊರಿನಲ್ಲಿ ನಿಮಗೆ ಯಾರಾದರೂ ಇದ್ದಾರೆಯೇ ಎಂದೆ.

"ಯಾರೂ ಇಲ್ರೀ" ಎಂದಳು. ದನಿ ತಡವರಿಸಲಿಲ್ಲ. ಎಷ್ಟು ಸಲ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದಳೋ ಪಾಪ, ನಿಜವೇ ಇರಬೇಕು ಎನ್ನುವಂತೆ ಹೇಳಿದಳು. ನಾನು ಹಾಗೆಯೇ ಬರೆದುಕೊಂಡು, ಮುಂದಿನವರು ಬನ್ನಿ ಎಂದೆ.

ಊರು ಉಳಿಯಿತು. ದವಾಖಾನೆಯಲ್ಲಿ ದೀಪ ಹತ್ತಿದೆ, ನಾಳೆ ರೈಲು ನಿಲ್ಲುತ್ತದೆ, ಮಹಾನಂದಾಳಿಗೆ ಅಗಲದ ಮಗ್ಗಕ್ಕೆ ಸಾಲ ಸಿಗುತ್ತದೆ. ನೆರವಿನ ಏಳು ವರ್ಷವೂ ತನಿಖೆದಾರರು ಯಾವಾಗ ಬೇಕಾದರೂ, ಯಾರ ವೇಷದಲ್ಲಾದರೂ ಬರಬಹುದು. ಅಷ್ಟು ಕಾಲ ನನ್ನ ಮಗಳು ನನಗೆ ಪರಸ್ಥಳದವಳು. ಬಾವಿಯ ಹತ್ತಿರ ಎದುರಾದರೆ ಬಹುವಚನದಲ್ಲಿ ಮಾತಾಡಿಸಬೇಕು, ಇಲ್ಲವೇ ಮುಖ ತಿರುಗಿಸಿ ಹೋಗಬೇಕು.

ಹಿರಿಯರೇ, ನಿಮ್ಮಲ್ಲಿ ಯಾರ ಕೈಯಲ್ಲಿ ಆ ನಿಯಮದ ಕರಡು ಇದೆಯೋ ನನಗೆ ಗೊತ್ತಿಲ್ಲ. ಹೊಸಬರನ್ನು ಕರೆಯಿರಿ, ಆರತಿ ಎತ್ತಿರಿ, ನನ್ನದೇನೂ ತಕರಾರಿಲ್ಲ. ಊರು ಬಿಡದೆ ಇದ್ದವರಿಗೂ, ಇದ್ದಲ್ಲೇ ಬೆಳೆಯುತ್ತೇವೆ ಎಂದವರಿಗೂ ಅಷ್ಟೇ ನೆರವು ಎಂದು ಒಂದು ಸಾಲು ಸೇರಿಸಿಬಿಡಿ. ಒಂದೇ ಸಾಲು. ಇವತ್ತೇ ಸೇರಿಸಿ, ನಾಳೆಗೆ ಅದರ ಮೇಲೆ ಠಸ್ಸೆ ಬಿದ್ದಿರುತ್ತದೆ. ಇದನ್ನು ಒಬ್ಬ ನೌಕರಸ್ಥಳ ಅರ್ಜಿ ಎಂದು ನೋಡಿದರೂ ಸರಿ, ಮುದುಕಿಯೊಬ್ಬಳು ಕಾಲಿಗೆ ಬೀಳುತ್ತಿದ್ದಾಳೆ ಎಂದುಕೊಂಡರೂ ಸರಿ.

ನನ್ನ ಮನೆಯಿಂದ ನಾಲ್ಕು ಮನೆ ಆಚೆ, ಹೊಸಬರಿಗೆಂದು ಕೊಟ್ಟ ಬಿಡಾರದಲ್ಲಿ ಮಗುವೊಂದು ಅಳುತ್ತಿದೆ. ಅದು ಗಂಡೋ ಹೆಣ್ಣೋ ನನಗೆ ಗೊತ್ತಿಲ್ಲ. ಅದನ್ನು ಕೇಳುವ ಅಧಿಕಾರ ನನಗಿಲ್ಲ.

ಇಂತಿ,
ಸಾವಂತ್ರೆವ್ವ ಬಾಗೇವಾಡಿ
ಎದುರುಗೊಳ್ಳುವವಳು, ಮಗ್ಗದಹಾಳ