ಎರಡನೇ ಗಡಿಗೆಯ ನೀರು

ತಾಯಲೂರು
೧೨ ಮೇ ೧೯೪೧, ಸೋಮವಾರ

ನನ್ನ ಪ್ರೀತಿಯ ಓವರ್‌ಸಿಯರ್ ಸಾಹೇಬರಿಗೆ,

ಹೀಗೆ ಕರೆದೆನೆಂದು ಮುನಿಯಬೇಡಿ. ಗಂಡನ ಹೆಸರು ಬರೆದದ್ದು ನಿಮ್ಮ ಅಜ್ಜಿಗೆ ಗೊತ್ತಾದರೆ ಕಾಗದ ಒಲೆಗೆ ಹೋಗುತ್ತದೆ. ‘ಡಾರ್ಲಿಂಗ್’ ಅನ್ನೋಣವೆಂದರೆ ನನಗೇ ನಗು. ಕೆಮ್ಮು ಹೇಗಿದೆ? ಬೆಂಗಳೂರಿನಲ್ಲಿ ಚಿಕ್ಕಮ್ಮ ಮೆಣಸಿನ ಕಷಾಯ ಮಾಡಿಕೊಡುತ್ತಿದ್ದಾರಾ? ನೀವಿಲ್ಲದ ಮನೆ ಎಷ್ಟು ದೊಡ್ಡದು ಅನ್ನಿಸುತ್ತದೆ ಗೊತ್ತಾ! ಇಲ್ಲಿ ಎಲ್ಲರೂ ಕ್ಷೇಮ. ನನಗೆ ಮಾತ್ರ ಮೂರು ದಿನದಿಂದ ಊಟ ಸೇರುತ್ತಿಲ್ಲ. ಕಾರಣ ಹೇಳುತ್ತೇನೆ, ದಯವಿಟ್ಟು ಕೂತುಕೊಂಡು ಓದಿ.

ಹೊರಡುವ ಮುಂಚೆ ನೀವು ಜಗಲಿಯ ಮೇಲೆ ನಾಲ್ಕು ಗಡಿಗೆ ಇಟ್ಟು, ತಳಕ್ಕೆ ತೂತು ಕೊರೆದು, ಒಂದೊಂದರಲ್ಲಿ ಒಂದೊಂದು ಊರಿನ ಮಣ್ಣು ಮೆತ್ತಿ, ಸುಣ್ಣದ ಗೀಟಿನ ತನಕ ನೀರು ತುಂಬಿಸಿದಿರಿ. ಮೊದಲನೆಯದು ಮಾಲೂರಿನ ಇಟ್ಟಿಗೆ ಮಣ್ಣು, ಎರಡನೆಯದು ನಮ್ಮ ಕೆರೆಯ ಕಪ್ಪು ಗೋಡುಮಣ್ಣು, ಉಳಿದೆರಡು ರಾಯಲ್ಪಾಡು ಕಡೆಯವು. ನಮ್ಮೂರ ರೈತ ಕೋದಂಡರಾಮಪ್ಪನವರ ತೋಟದ ಸೋರುವ ನೀರಿನ ಕುಂಟೆಗೆ ಯಾವುದು ಮೆತ್ತಬೇಕೆಂದು ಗಡಿಗೆಗಳೇ ಹೇಳುತ್ತವೆ, ನೀನು ದಿನಾ ಬೆಳಗ್ಗೆ ನೀರು ಎಷ್ಟು ಇಳಿದಿದೆಯೆಂದು ಅಳೆದು ಬರಿ ಸಾಕು, ಅಂದಿರಿ. ಆಹಾ, ಎಂಥ ಹೆಮ್ಮೆ ನನಗೆ! ನಿಮ್ಮ ಸ್ಕೇಲನ್ನು ದಿಂಬಿನ ಕೆಳಗೇ ಇಟ್ಟುಕೊಂಡು ಮಲಗುತ್ತಿದ್ದೆ.

ಮೂರು ದಿನ ಸರಿಯಾಗಿ ಅಳೆದೆ. ನೀವು ಹೋದ ವಾರವೇ, ಶುಕ್ರವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಜ್ಜಿ ನಾಲ್ಕಕ್ಕೂ ಕಂಠದ ತನಕ ನೀರು ಸುರಿದುಬಿಟ್ಟಿದ್ದರು. “ಹೊಸ ಸೊಸೆ ಬಂದಿರೋ ಮನೇಲಿ ಶುಕ್ರವಾರದ ಹೊತ್ತು ಅರೆಗಡಿಗೆ ಇಡ್ತಾರೇನೇ? ಅದೇನ್ ಓದಿದ್ಯೋ!” ಅವರದು ತಪ್ಪಲ್ಲ, ನನ್ನ ಒಳ್ಳೆಯದಕ್ಕೇ ಮಾಡಿದರು. ತಪ್ಪು ನನ್ನದು. ನೀವು ಹೋಗಿ ನಾಲ್ಕೇ ದಿನಕ್ಕೆ ಎಲ್ಲ ಕೆಡಿಸಿದೆ ಅನ್ನಲು ನಾಚಿಕೆಯಾಗಿ, ಉಳಿದ ದಿನಗಳ ಅಳತೆಯನ್ನು ಅಡುಗೆಮನೆಯಲ್ಲಿ ಕೂತು ಮನಸ್ಸಿಗೆ ಬಂದಂತೆ ಕಟ್ಟಿ ನಿಮಗೆ ಕಳಿಸಿದೆ. ಎರಡನೆಯ ಗಡಿಗೆಯಲ್ಲಿ ಎಲ್ಲಕ್ಕಿಂತ ಕಡಿಮೆ ಇಳಿದಿದೆಯೆಂದು ಬರೆದೆ, ಮೊದಲ ಮೂರು ದಿನದ್ದನ್ನೂ ಹಾಗೇ ತಿದ್ದಿದೆ. ಕೆರೆ ಗೋಡು ಗೆದ್ದರೆ ದೂರದಿಂದ ಗಾಡಿ ಹೊಡೆಯುವ ಕಷ್ಟವೇ ಇಲ್ಲ ಎಂದು ನೀವು ಆಸೆಪಟ್ಟಿದ್ದಿರಲ್ಲ, ಅದಕ್ಕೆ.

ಈಗ ಮೊನ್ನೆ ಶುಕ್ರವಾರ ಬಂದ ನಿಮ್ಮ ಉತ್ತರದಲ್ಲಿ ‘ನನ್ನ ಪುಟ್ಟ ಇಂಜಿನಿಯರ್’ ಎಂದಿತ್ತು. ಹನ್ನೊಂದು ಸಲ ಓದಿಕೊಂಡೆ! ಕೊನೆಯ ಸಾಲು ಆಮೇಲೆ ತಲೆಗೆ ಹೋಯಿತು: ಕೆರೆ ಗೋಡು ಮೆತ್ತುವ ಕೆಲಸಕ್ಕೆ ಬರುವ ಗುರುವಾರ ನಮ್ಮ ದೊಡ್ಡ ಸಾಹೇಬರ ಸಹಿಯಾಗುತ್ತದೆ, ಕುಂಟೆ ಬರಿದು ಮಾಡಿಕೊಳ್ಳಲು ಕೋದಂಡರಾಮಪ್ಪನವರಿಗೂ ಬರೆದಿದ್ದೇನೆ, ಎಂದು. ಕುಂಟೆಯ ಕಡೆಗೆ ಓಡಿದೆ. ಅಷ್ಟರಲ್ಲಿ ಅವರು ತೂಬು ಕಿತ್ತಾಗಿತ್ತು. ಇದ್ದ ಮೊಣಕಾಲುದ್ದ ನೀರೂ ಹರಿದುಹೋಗುತ್ತಿತ್ತು. “ಬನ್ನಿ ಅಮ್ಮಯ್ಯ, ನಿಮ್ಮ ಲೆಕ್ಕ ನಮ್ಮ ಕುಂಟೆ ಉಳಿಸ್ತು,” ಎಂದು ನಕ್ಕರು. ನಾನು ಬಾಯಿ ಬಿಡದೆ ವಾಪಸು ಬಂದೆ.

ಅವತ್ತೇ ಗಡಿಗೆಗಳಿಗೆ ಹೊಸದಾಗಿ ಮಣ್ಣು ಮೆತ್ತಿ ನೀರು ತುಂಬಿಸಿ ಕಾವಲು ಕೂತೆ. ಇವತ್ತು ಬೆಳಗ್ಗೆ ಅಳೆದರೆ ಎರಡನೆಯದರಲ್ಲಿ ಮೂರು ಅಂಗುಲ ಇಳಿದಿದೆ, ಮೇಲೆ ಒಣಗಿದ ಕಡೆ ಬೆರಳು ತೂರುವಷ್ಟು ಬಿರುಕು. ಮಾಲೂರಿನದು ಕಾಲು ಅಂಗುಲವೂ ಇಳಿದಿಲ್ಲ. ಕೋದಂಡರಾಮಪ್ಪನವರ ಮನೆಯವರು ಬದನೆ ಗಿಡಗಳಿಗೆ ಬಾವಿಯಿಂದ ಕೊಡ ಹೊರುತ್ತಿದ್ದಾರೆ. ನಾನು ಆ ದಾರಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದೇನೆ. ಬೈಯಿರಿ, ಎಷ್ಟು ಬೇಕಾದರೂ ಬೈಯಿರಿ, ಆದರೆ ಬೇಗ ಬನ್ನಿ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ. ಅಜ್ಜಿಯ ಆಶೀರ್ವಾದ ನಿಮಗೆ.

ನಿಮ್ಮವಳೇ ಆದ, ಮುಖ ತೋರಿಸಲಾಗದ,
ಶಾಮಲ

ತಾ.ಕ.: ಕಾಗದ ಮುಗಿಸಿದವಳೇ ಹೋಗಿ ನಿಜ ಹೇಳಿಬಿಟ್ಟೆ! ಕೋದಂಡರಾಮಪ್ಪನವರ ಮನೆಯವರೆಲ್ಲರ ಮುಂದೆ. ಅವರು, “ನೀರು ಹೋಯ್ತು, ಹೋಗ್ಲಿ. ಆ ಮಣ್ಣು ಮೆತ್ತಿದ್ರೆ ಮಳೆ ನೀರೂ ಹೋಗ್ತಿತ್ತಲ್ಲಮ್ಮಯ್ಯ,” ಅಂದರು. ಈ ಕಾಗದ ಹಾಕಲು ಅವರೇ ಮುಳಬಾಗಿಲಿಗೆ ಹೊರಟಿದ್ದಾರೆ, ಗಾಡಿ ನಿಂತಿದೆ. ಗುರುವಾರಕ್ಕೆ ಮುಂಚೆ ಇದನ್ನು ಸಾಹೇಬರಿಗೆ ತೋರಿಸಿ, ಒಂದು ಸಾಲೂ ಮುಚ್ಚದೆ. ಅವರು ನಕ್ಕರೆ ನಗಲಿ, ಸಹಿ ಮಾತ್ರ ಹಾಕಬಾರದು.