ಮೇಜಿನ ಮೇಲೆ ಉಳಿದ ಚೀಟಿ

ಮಲ್ಲಿಪಟ್ಟಣದ ಮೊಂಡ ಅವರಿಗೆ,

ನಿನ್ನೆ ಹಾಸನದಲ್ಲಿ ನಮ್ಮ ರಾಜಕೀಯ ಬ್ಲಾಗಿನವರೆಲ್ಲ ಮೊದಲ ಸಲ ಮುಖತಃ ಸೇರಿದ್ದೆವು. ಎಲ್ಲರ ಎದೆಯ ಮೇಲೂ ಬ್ಲಾಗಿನಲ್ಲಿ ತಾವು ಇಟ್ಟುಕೊಂಡ ಹೆಸರು ಬರೆದ ಚೀಟಿ. ನಿಮ್ಮದೊಂದು ಮೇಜಿನ ಮೇಲೇ ಉಳಿದಿತ್ತು. ನನ್ನ ಪ್ರತಿ ಬರಹಕ್ಕೂ ತಕರಾರು ತೆಗೆಯುತ್ತಿದ್ದ ನೀವು ಒಂದು ತಿಂಗಳಿಂದ ಕಾಮೆಂಟು ಹಾಕಿರಲಿಲ್ಲ. ವಾದದಲ್ಲಿ ಸೋತು ಮುಖ ತಪ್ಪಿಸಿಕೊಂಡಿದ್ದೀರಿ ಅಂದುಕೊಂಡಿದ್ದೆ.

ಊಟದ ಹೊತ್ತಿಗೆ ಒಬ್ಬ ಹೆಂಗಸು ಬಂದು, "ನಾನು ರುದ್ರೇಶಪ್ಪೋರ ಮನೆಯವ್ಳು" ಎಂದರು. ಯಾವ ರುದ್ರೇಶಪ್ಪ ಎಂದು ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಆಕೆ ನಿಮ್ಮ ಚೀಟಿಯನ್ನು ಎತ್ತಿಕೊಂಡರು.

"ಓದ್ ತಿಂಗ್ಳು ತೀರೋದ್ರು. ಇಲ್ಲಿ ಹೇಮಾವತಿ ಅಂತ ಬರಿಯೋರು ಯಾರು?"

ನಾನೇ ಎಂದೆ.

"ಬೆಳಗ್ಗೆ ಎದ್ದು ನಿಮ್ಗೊಂದು ಜವಾಬು ಬರೀದೆ ಕಾಫಿ ಮುಟ್ತಿರ್ನಿಲ್ಲ ಕಣವ್ವ."

ಪಾಯಸ ಚೆನ್ನಾಗಿತ್ತು. ಇವತ್ತು ಪಂಚಾಯಿತಿ ಚುನಾವಣೆಯ ಬಗ್ಗೆ ಬರೆದು ಹಾಕಿದೆ. ಕಾಮೆಂಟುಗಳು ಬಂದಿವೆ. ಎಲ್ಲರೂ ಒಪ್ಪಿದ್ದಾರೆ.